ಹಸಿವಾಸನೆ

ಮುಂಬಯಿಗೆ ಬಂದ ಮೇಲೆ ಚಂದ್ರಾಮ ಹಿಡಿದ ಕೆಲಸಗಳು ಹಲವು. ಬಿಟ್ಟ ರೀತಿ ಮಾತ್ರ ಒಂದೇ. ಅವನು ಜಗಳವಾಡಿ ಬಿಟ್ಟವನಲ್ಲ, ಹೇಳಿ ಬಿಟ್ಟವನೂ ಅಲ್ಲ. ಪರೇಲಿನ ಗಿರಣಿಯಲ್ಲಿ ಊಟದ ಭೋಂಗಾ ಕೂಗಿದಾಗ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಸಾಂತಾಕ್ರೂಜಿನ ಹೋಟೆಲೊಂದರ ಬಾಗಿಲಲ್ಲಿ ಸಲಾಮು ಹೊಡೆಯುವ ಕೆಲಸ ಸಿಕ್ಕಿದಾಗ, ತಲೆಯ ಮೇಲೆ ಇಳಿಯುತ್ತಿದ್ದ ವಿಮಾನವೊಂದರ ಹಿಂದೆ ಕಣ್ಣು ಹೋಯಿತು, ಕಣ್ಣಿನ ಹಿಂದೆ ಕಾಲು ಹೋಯಿತು. ಸಮವಸ್ತ್ರದ ಪೇಟವನ್ನು ಮರುದಿನ ಬೇರೊಬ್ಬನ ಕೈಯಲ್ಲಿ ಕಳಿಸಿಕೊಟ್ಟ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಬಡಿಸುತ್ತಿದ್ದಾಗ, ಚಟ್ನಿ ತರುತ್ತೇನೆಂದು ಖಾಲಿ ಬಕೀಟು ಹಿಡಿದು ಒಳಗೆ ಹೋದವನು ಬಕೀಟನ್ನು ಹಿಂಬಾಗಿಲ ಬಳಿ ಇಟ್ಟು ಬೀದಿಗೆ ಇಳಿದುಬಿಟ್ಟ. ಒಂದೇ ಜಾಗದಲ್ಲಿ ಬಹಳ ಕಾಲ ನಿಂತರೆ ಅಂಗಾಲಿನೊಳಗೆ ಇರುವೆ ಹರಿದಂತಾಗುತ್ತಿತ್ತು, ಅಷ್ಟೆ.

ಅಂಥವನು ಮುಲುಂಡಿನ ವೆನಿಲಾ ಕಾರ್ಖಾನೆಯಲ್ಲಿ ಒಂದು ಬೇಸಗೆ ಕಳೆದು ಇನ್ನೊಂದು ಬೇಸಗೆ ಬಂದರೂ ಉಳಿದಿದ್ದನೆಂದರೆ ಅದಕ್ಕೆ ಕಾರಣ ಅವನ ಹೆಂಡತಿ ನೀಲಾವತಿ. ಮದುವೆಯಾದಾಗಿನಿಂದ ಇಂಡಿ ಕಡೆಯ ತವರಿನಲ್ಲೇ ಉಳಿದಿದ್ದ ಅವಳು, ಗಂಡನಿಗೆ ಪರ್ಮನೆಂಟ್ ಕೆಲಸ ಸಿಕ್ಕಿತೆಂದು ಯಾರಿಂದಲೋ ಕೇಳಿ, ತಗಡಿನ ಟ್ರಂಕೊಂದನ್ನು ಹೊತ್ತು ತಾನೇ ರೈಲು ಹತ್ತಿ ಬಂದಳು. ಚಾಳಿನ ಖೋಲಿಯೊಳಗೆ ಟ್ರಂಕನ್ನು ಇಳಿಸುವ ಮೊದಲೇ ಕರಾರು ಹೇಳಿದಳು.

"ಇದರಾಗಿನ ಸೀರಿ ತಗದು ನಾ ಗೂಟಕ್ಕ ಹಾಕ್ತೀನಿ. ನೀ ಇನ್ನೊಮ್ಮಿ ಕೆಲಸ ಬಿಟ್ಟು ಬಂದಿ ಅಂದ್ರ ಬೈಯಂಗಿಲ್ಲ, ಅಳಂಗಿಲ್ಲ. ಸೀರಿ ತಿರುಗಿ ಟ್ರಂಕಿನ್ಯಾಗ."

"ಆತು," ಎಂದ ಚಂದ್ರಾಮ.

"ಆತು ಅಲ್ಲ. ಆಣಿ ಮಾಡು."

ಆಣೆ ಮಾಡಿದ. ಆದರೆ ಆಣೆ ಮಾಡುವಾಗ ಅವನು ಮೂಗನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ಕಾರ್ಖಾನೆ ಐಸ್‌ಕ್ರೀಮಿಗೂ ಬಿಸ್ಕತ್ತಿಗೂ ಹಾಕುವ ವೆನಿಲಾವನ್ನು ಲವಂಗದೆಣ್ಣೆಯಿಂದ ಮಾಡುತ್ತಿತ್ತು. ಹದಗೊಳಿಸಿದ ಎಣ್ಣೆಯನ್ನು ದೊಡ್ಡ ಹಂಡೆಗೆ ಸುರಿದು, ಆಮ್ಲವನ್ನೂ ಕಿತ್ತಳೆ ಬಣ್ಣದ ಕ್ರೋಮ್ ಉಪ್ಪನ್ನೂ ಹಾಕಿ ಕಾಯಿಸಿದರೆ, ಲವಂಗದ ಖಾರವಾದ ವಾಸನೆ ಅಡಗಿ ಅದರೊಳಗಿನಿಂದ ಸಿಹಿಯಾದ ವೆನಿಲಾ ಏಳುತ್ತಿತ್ತು. ಉಳಿದ ಹಸಿರು ನೀರು ಹಿಂದಿನ ನಾಲೆಗೆ ಹೋಗುತ್ತಿತ್ತು. ಆ ನಾಲೆಯ ದಂಡೆಯಲ್ಲಿ ಹುಲ್ಲು ಸಹ ಬದುಕುತ್ತಿರಲಿಲ್ಲ. ಉಪ್ಪನ್ನು ಮೊಗೆದು ಹಂಡೆಗೆ ಹಾಕುವವನು ಚಂದ್ರಾಮ. ಮೊದಲು ಅವನ ಬೆರಳ ಸಂದಿಗಳಲ್ಲಿ ಮಾಯದ ಗುಂಡು ಹುಣ್ಣುಗಳಾದವು. ಆಮೇಲೆ ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ಒಣ ರಕ್ತದ ಹಕ್ಕಳೆ ಬೀಳತೊಡಗಿತು. ಹೋಳಿ ಕಳೆದ ಮೇಲೆ ಮುನಸಿಪಾಲ್ಟಿ ಆಸ್ಪತ್ರೆಗೆ ಹೋದರೆ, ಡಾಕ್ಟರು ಟಾರ್ಚು ಬಿಟ್ಟು ನೋಡಿ, ಮೂಗಿನ ನಡುಗೋಡೆ ಕಾಗದದಷ್ಟು ತೆಳುವಾಗಿದೆ, ಇನ್ನೊಂದು ಮಳೆಗಾಲ ಅದೇ ಹಂಡೆಯ ಮುಂದೆ ನಿಂತರೆ ತೂತು ಬೀಳುತ್ತದೆ, ವಾಸನೆ ತಿಳಿಯುವುದೂ ನಿಲ್ಲಬಹುದು ಎಂದರು. "ಕಾಮ್ ಛೋಡ್ ದೋ," ಎಂದು ಸೇರಿಸಿದರು, ಬೀಡಿ ಬಿಡು ಎಂದಷ್ಟು ಸುಲಭವಾಗಿ.

ಕೆಲಸ ಬಿಡುವುದು ಚಂದ್ರಾಮನಿಗೆ ಚೆನ್ನಾಗಿ ಕರಗತವಾಗಿದ್ದ ಏಕೈಕ ವಿದ್ಯೆ. ಈಗ ಅದನ್ನೇ ಬಳಸುವಂತಿರಲಿಲ್ಲ. ಬಿಟ್ಟರೆ ನೀಲಾವತಿ ಹೋಗುತ್ತಾಳೆ. ಬಿಡದಿದ್ದರೆ ಮೂಗು ಹೋಗುತ್ತದೆ. ಅವಳಿಗೆ ನಿಜ ಹೇಳಬಹುದಿತ್ತು. ಆದರೆ ಹಿಂದೆ ಊರಿಗೆ ಹೋದಾಗಲೆಲ್ಲ ಒಂದೊಂದು ಕೆಲಸ ಬಿಟ್ಟುದಕ್ಕೆ ಒಂದೊಂದು ನೆಪವನ್ನು ಅವನು ಹೇಳಿದ್ದ: ಬೆನ್ನು, ಕಣ್ಣು, ಮೊಣಕಾಲು. ಉಳಿದಿದ್ದುದು ಮೂಗೊಂದೇ. ಅದನ್ನೂ ಈಗ ಹೇಳಿದರೆ ಅವಳು ನಗದೆ ಇರುವಳೇ?

ಈ ಇಕ್ಕಟ್ಟಿನಿಂದ ಹೊರಬರುವ ಒಂದು ದಾರಿಯನ್ನು ತೋರಿಸಿದವಳು ಕಾರ್ಖಾನೆಯ ಲ್ಯಾಬಿನ ಶಾಮಲಾ. ಮೈಸೂರಿನವಳು, ಬ್ಯಾಂಕಿನಲ್ಲಿದ್ದ ಗಂಡನೊಂದಿಗೆ ಮುಲುಂಡಿನಲ್ಲೇ ಸಂಸಾರ. ಚಂದ್ರಾಮನ ಕೈ ಹುಣ್ಣನ್ನು ನೋಡಿದಂದಿನಿಂದ ಅವಳು ಕ್ರೋಮಿಲ್ಲದೆ ಅದೇ ಕೆಲಸ ಮಾಡುವ ಉಪಾಯ ಹುಡುಕುತ್ತ, ಕೊನೆಗೆ ಸೋಯಾ ಕಾಳಿಗೆ ಬಂದು ನಿಂತಿದ್ದಳು. ನೆನೆಸಿದ ಕಾಳನ್ನು ಅರೆದು, ಲವಂಗದೆಣ್ಣೆಯ ಜೊತೆ ಗಾಜಿನ ಬುರುಡೆಯಲ್ಲಿ ಹಾಕಿ, ಕೊಳವೆಯಿಂದ ಗಾಳಿ ಊದಿಸುತ್ತಿದ್ದಳು.

"ಇದೇನು ಜಾದೂ ಅಲ್ಲ ಕಣ್ರೀ ಚಂದ್ರಾಮ," ಎಂದು ಅವಳು ವಿವರಿಸಿದ್ದಳು. "ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರಾಗಲ್ವಾ? ಹಾಗೇ ಈ ಹಸಿ ಕಾಳಲ್ಲಿ ಒಂದು ಕಿಣ್ವ ಇದೆ. ಗಾಳೀಲಿರೋ ಆಮ್ಲಜನಕಾನ ತಗೊಂಡು ಎಣ್ಣೆಗೆ ಸೇರಿಸತ್ತೆ. ನಿಮ್ಮ ಕಿತ್ತಳೆ ಉಪ್ಪು ಕುದಿಸಿ ಬಡಿದು ಮಾಡೋ ಕೆಲಸಾನ ಇದು ತಣ್ಣಗೆ ಮಾಡತ್ತೆ. ಕೊನೆಗೆ ಉಳಿಯೋದು ಕಾಳಿನ ಹಿಂಡಿ. ನಾಲೆಗೆ ಕ್ರೋಮ್ ಹೋಗಲ್ಲ, ನಿಮ್ಮ ಮೂಗಿಗೂ ಹೋಗಲ್ಲ."

"ಆದ್ರ ನಾತ ಭಾಳ ಐತ್ರಿ ಮೇಡಂ."

"ಆ ಹಸಿವಾಸನೆಯೇ ಅದರ ಗುರುತು. ಕಾಳು ಅರೆದ ಕೂಡಲೇ ಕಿಣ್ವ ಮೊದಲು ಕಾಳಿನ ಸ್ವಂತ ಎಣ್ಣೆ ಮೇಲೇ ಕೈಮಾಡತ್ತೆ. ಅದಕ್ಕೇ ಈ ವಾಸನೆ. ಅದು ಬರ್ತಿದ್ರೆ ಕಿಣ್ವ ಬದುಕಿದೆ ಅಂತ. ಬಿಸಿ ತಾಗಿತೋ, ಕಥೆ ಮುಗೀತು."

ಬುರುಡೆಯೊಳಗಿನಿಂದ ವೆನಿಲಾ ಎದ್ದಿತು. ತೆಳುವಾಗಿ, ಆದರೆ ಅನುಮಾನವಿಲ್ಲದಂತೆ. ಮಾಲೀಕನಾದ ಸೇಠ್ ಬಂದು ಮೂಸಿ, ಬುರುಡೆಯನ್ನು ತೂಗಿದಂತೆ ಕೈಯಲ್ಲಿ ಆಡಿಸಿ, ಇದರಿಂದ ಒಂದು ಕಪ್ ಐಸ್‌ಕ್ರೀಮ್ ಆಗಬಹುದು ಎಂದ. ವರ್ಷಕ್ಕೊಮ್ಮೆ ಹಂಡೆಯನ್ನು ತೊಳೆಯಲು ನಿಲ್ಲಿಸುವ ವಾರ ಮುಂದಿತ್ತು. ಆ ಶನಿವಾರ ಒಂದು ದೊಡ್ಡ ಡ್ರಮ್ಮಿನಲ್ಲಿ ಮಾಡಿ ತೋರಿಸಲಿ. ಆಯಿತೋ ಸರಿ, ಆಗದಿದ್ದರೆ ಸೋಮವಾರ ಹಂಡೆಗೆ ಬೆಂಕಿ, ಮತ್ತೆ ಕಾಳಿನ ಮಾತು ಎತ್ತಬಾರದು. ಅವನ ಮಾತು ಅಷ್ಟೇ.

ಡ್ರಮ್ಮಿಗೆ ಬೇಕಾದಷ್ಟು ಕಾಳನ್ನು ಅರೆಯಲು ಲ್ಯಾಬಿನ ಮಿಕ್ಸರು ಸಾಲದು. ಸಾಲದ್ದಕ್ಕೆ ಅದು ಬೇಗ ಬಿಸಿಯಾಗುತ್ತಿತ್ತು. ದೊಡ್ಡ ಕಲ್ಲಿನ ಗ್ರೈಂಡರೇ ಆಗಬೇಕು. ಅಂಥದೊಂದು ಎಲ್ಲಿದೆಯೆಂಬುದು ಚಂದ್ರಾಮನಿಗೆ ಗೊತ್ತಿತ್ತು. ಅಲ್ಲಿಗೆ ಹೋಗಲು ಮಾತ್ರ ಮುಖವಿರಲಿಲ್ಲ.

ಮಾಟುಂಗದ ಆ ಹೋಟೆಲಿನ ಹಿಂಬಾಗಿಲಲ್ಲಿ, ಗುರುವಾರ ಸಂಜೆ, ಅರ್ಧ ಮೂಟೆ ಕಾಳು ಹೆಗಲ ಮೇಲೆ ಹೊತ್ತು ನಿಂತ ಅವನನ್ನು ಅಡುಗೆಮನೆಯ ಯಜಮಾನ ನಾಣಿ ಭಟ್ಟರು ಕಣ್ಣು ಕಿರಿದು ಮಾಡಿ ನೋಡಿದರು.

"ಓಹೋ! ಚಟ್ನಿ ತರ್ತೇನೆ ಅಂತ ಹೋದವ ಅಲ್ವೋ ನೀನು? ಎರಡು ವರ್ಷ ಆಯ್ತು. ಮೂರನೇ ಟೇಬಲ್ಲಿನ ಗಿರಾಕಿ ಇನ್ನೂ ಕಾಯ್ತಾ ಉಂಟು ಮಾರಾಯ."

"ತಪ್ಪಾತ್ರಿ ಭಟ್ರ."

"ತಪ್ಪೆಂಥದು, ಇಡ್ಲಿ ಆರಿತು, ಅಷ್ಟೇ. ಹೆಗಲ ಮೇಲೆ ಎಂಥದು? ತೆಂಗಿನಕಾಯಿಯಾ? ಚಟ್ನಿ ಅಲ್ಲಿಂದಲೇ ಸುರುವಾ?"

ಚಂದ್ರಾಮ ತನ್ನ ಇಕ್ಕಟ್ಟನ್ನೆಲ್ಲ ಹೇಳಿದ, ಮೂಗಿನ ವಿಷಯವನ್ನೂ. ಹೆಂಡತಿಗೆ ಹೇಳಲಾಗದ್ದನ್ನು ಬೈಯುವವರ ಮುಂದೆ ಹೇಳುವುದು ಅವನಿಗೆ ಸುಲಭವಾಯಿತು. ಭಟ್ಟರು ಅವನ ಗಲ್ಲ ಹಿಡಿದೆತ್ತಿ ಮೂಗಿನ ಹೊಳ್ಳೆಗಳನ್ನು ದೀಪದ ಬೆಳಕಿಗೆ ಹಿಡಿದು ನೋಡಿದರು, ಬದನೆಕಾಯಿಯೊಳಗೆ ಹುಳ ನೋಡುವಂತೆ. ಕಾಳನ್ನು ತಾವೇ ನೆನೆಹಾಕುವುದಾಗಿಯೂ, ನಾಳೆ ಮಧ್ಯಾಹ್ನ ಗ್ರೈಂಡರು ಬಿಡುವಾದಾಗ ರುಬ್ಬಿಸಿ ಕೊಡುವುದಾಗಿಯೂ ಒಪ್ಪಿದರು.

"ಬಿಸಿ ತಾಗಬಾರದಂತ್ರಿ. ಐಸ್ ಹಾಕಿ ರುಬ್ಬಬೇಕಂತ."

"ನನಗೆ ಕಲಿಸ್ಲಿಕ್ಕೆ ಬಂದನಲ್ಲ! ಬೇಸಗೆಯಲ್ಲಿ ದೋಸೆ ಹಿಟ್ಟಿಗೆ ಐಸ್ ಹಾಕದೆ ರುಬ್ಬಿದ್ರೆ ರಾತ್ರಿಯೇ ಹುಳಿ ಬರ್ತದೆ, ಗೊತ್ತುಂಟಾ? ನೀನು ಬರ್ಫ ತಾ, ಉಳಿದದ್ದು ನನಗೆ ಬಿಡು."

ಶಾಮಲಾ ಅವನಿಗೆ ಒಂದು ಮಾತು ಒತ್ತಿ ಹೇಳಿದ್ದಳು: ಕಾಳು ನೆನೆದಲ್ಲಿಂದ ಹಿಟ್ಟು ಕ್ಯಾನಿಗೆ ಬೀಳುವ ತನಕ ಬಿಟ್ಟು ಕದಲಬೇಡಿ. ಶುಕ್ರವಾರ ಅವನು ಹೊತ್ತಿಗೆ ಮೊದಲೇ ಬಂದ. ಬಾಲ್ದಿಯಲ್ಲಿ ಕಾಳುಗಳು ದುಂಡಗೆ ಉಬ್ಬಿದ್ದವು. ಗ್ರೈಂಡರಿನಲ್ಲಿ ಇನ್ನೂ ಉದ್ದು ತಿರುಗುತ್ತಿತ್ತು. ಸ್ಟೂಲಿನ ಮೇಲೆ ಕುಳಿತ. ಕಲ್ಲಿನ ಗಡಗಡ ಸದ್ದು, ಒಲೆಯ ಝಳ, ಎದುರಿನ ಗೋಡೆ. ಅಂಗಾಲಿನ ಇರುವೆ ಹರಿಯತೊಡಗಿತು. ಎದ್ದ, ಬಾಗಿಲ ತನಕ ಹೋಗಿ ಬಂದ, ಮತ್ತೆ ಎದ್ದ. ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುವವರ ಸಾಲು ಹತ್ತಿರದಲ್ಲೇ ಇತ್ತು. ಒಂದು ಸುತ್ತು ಹಾಕಿ ಬರೋಣವೆಂದು ಹೋದವನು, ರಕ್ಷಾಪುಟವಿಲ್ಲದ ಒಂದು ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕಿಬೀಳುವ ತನಕ ನಿಂತೇ ಓದಿದ. ಹಿಂದಿರುಗುವ ಹೊತ್ತಿಗೆ ಕಾಳು ಗ್ರೈಂಡರಿನಲ್ಲಿತ್ತು. ಭಟ್ಟರು ತಾವೇ ನಿಂತು ಐಸಿನ ಚೂರುಗಳನ್ನು ಒಂದೊಂದಾಗಿ ಹಾಕುತ್ತಿದ್ದರು. ಹಿಟ್ಟನ್ನು ಮುಟ್ಟಿ ನೋಡಿದ. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಸಮಾಧಾನವಾಯಿತು.

ಹಾಲಿನ ಕ್ಯಾನುಗಳಲ್ಲಿ ಹಿಟ್ಟು ತುಂಬಿ, ಸುತ್ತ ಐಸಿಟ್ಟು ಗೋಣಿ ಸುತ್ತಿ, ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮುಲುಂಡಿಗೆ ಹೊರಟ. ಘಾಟ್ಕೋಪರ್ ದಾಟಿದ ಮೇಲೆ ಒಂದು ಕ್ಯಾನಿನ ಮುಚ್ಚಳ ಎತ್ತಿ ಮೂಗು ಹತ್ತಿರ ತಂದ.

ಏನೂ ಇರಲಿಲ್ಲ.

ಮುಖವನ್ನು ಕ್ಯಾನಿನೊಳಗೇ ಇಳಿಸಿದ. ಲ್ಯಾಬಿನ ಬಾಗಿಲಲ್ಲೇ ಬಡಿಯುತ್ತಿದ್ದ ಆ ಹಸಿವಾಸನೆ ಎಲ್ಲಿ? ಒಂದು ಹೊಳ್ಳೆ ಮುಚ್ಚಿ ಎಳೆದ, ಇನ್ನೊಂದನ್ನು ಮುಚ್ಚಿ ಎಳೆದ. ತಣ್ಣನೆಯ ಗಾಳಿ ಬಂತು, ಅಷ್ಟೆ. ಡಾಕ್ಟರ ಟಾರ್ಚಿನ ಬೆಳಕು ಕಣ್ಣ ಮುಂದೆ ಬಂದು ನಿಂತಿತು. ಇನ್ನೊಂದು ಮಳೆಗಾಲ ಎಂದಿದ್ದರು; ಮಳೆಗಾಲಕ್ಕೂ ಕಾಯದೆ ಮೂಗು ಹೋಗಿಬಿಟ್ಟಿತು! ನಾಹೂರ್ ಬಂತು, ಮುಲುಂಡ್ ಬಂತು. ಕ್ಯಾನುಗಳನ್ನು ಇಳಿಸಿದ್ದು ಹೇಗೆಂದು ಅವನಿಗೆ ಆಮೇಲೆ ನೆನಪಾಗಲಿಲ್ಲ.

ಶನಿವಾರ ಬೆಳಿಗ್ಗೆ ಡ್ರಮ್ಮಿನ ಮುಂದೆ ಶಾಮಲಾ ಕೇಳಿದಳು, "ವಾಸನೆ ನೋಡಿದ್ರಾ? ಎರಡು ದಿನದಿಂದ ಲವಂಗದೆಣ್ಣೆ ಅಳೆದೂ ಅಳೆದೂ ನನ್ನ ಮೂಗು ಮಂಕಾಗಿಬಿಟ್ಟಿದೆ. ಏನು ಮೂಸಿದ್ರೂ ಲವಂಗ."

ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾಳೆ. ಮೂಗು ಸತ್ತವನನ್ನು ವಾಸನೆಯ ಕಾರ್ಖಾನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಸೋಮವಾರದ ತನಕವೂ ಕಾಯದೆ ಸೇಠ್ ಮನೆಗೆ ಕಳಿಸುತ್ತಾನೆ, ಮನೆಯಲ್ಲಿ ಟ್ರಂಕು ಕಾದಿದೆ.

"ನೋಡೀನ್ರಿ," ಎಂದ ಚಂದ್ರಾಮ. "ಛಲೋ ನಾತ ಐತ್ರಿ."

ಹಿಟ್ಟು ಸುರಿದರು, ಎಣ್ಣೆ ಸುರಿದರು, ಕೊಳವೆಯಿಂದ ಗಾಳಿ ಬಿಟ್ಟರು. ಲವಂಗದ ಖಾರ ಮೂಗಿಗೆ ಚುಚ್ಚಿದರೂ ಅದು ವಾಸನೆಯೋ ಬರೀ ಉರಿಯೋ ಎಂದು ಚಂದ್ರಾಮನಿಗೆ ತಿಳಿಯಲಿಲ್ಲ. ಡ್ರಮ್ಮು ಗುಳುಗುಳು ಎನ್ನುತ್ತಿತ್ತು. ಊಟದ ಹೊತ್ತು ಬಂತು, ಹೋಯಿತು. ಶಾಮಲಾ ಕುಳಿತಲ್ಲಿ ಕೂರಲಿಲ್ಲ, ಚಂದ್ರಾಮ ನಿಂತಲ್ಲಿ ನಿಲ್ಲಲಿಲ್ಲ. ಒಬ್ಬರ ದಾರಿಗೆ ಒಬ್ಬರು ಅಡ್ಡ ಬರುತ್ತ ಡ್ರಮ್ಮನ್ನು ಸುತ್ತಿದರು. ಸಂಜೆ ಸೇಠ್ ಬಂದ. ಗಾಜಿನ ಕಡ್ಡಿ ಅದ್ದಿ ಮೂಸಿದ. ಕಡ್ಡಿಯನ್ನು ಶಾಮಲಾಗೆ ಕೊಟ್ಟು, "ಲೌಂಗ್ ಡಾಲಾ, ಲೌಂಗ್ ನಿಕಲಾ," ಎಂದ. ಲವಂಗ ಹಾಕಿದಿರಿ, ಲವಂಗವೇ ಬಂತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದಾಗಿತ್ತು. ಸೋಮವಾರ ಹತ್ತು ಗಂಟೆಗೆ ಹಂಡೆ ಶುರು ಎಂದು ಹೇಳಿ ಕಾರು ಹತ್ತಿದ.

ಚಂದ್ರಾಮ ಖೋಲಿಗೆ ಬಂದಾಗ ನೀಲಾವತಿ ಒಗ್ಗರಣೆಗೆ ಇಟ್ಟಿದ್ದಳು. ಹೊಸ್ತಿಲಲ್ಲೇ ಖಾರದ ಘಾಟು ಮುಖಕ್ಕೆ ಬಡಿದು ಸೀನಿದ. ಮತ್ತೆ ಸೀನಿದ. ಮೂರನೆಯ ಸೀನನ್ನು ಅರ್ಧಕ್ಕೆ ನಿಲ್ಲಿಸಿ, ಹೊಸ್ತಿಲ ಮೇಲೆಯೇ ಕಲ್ಲಿನಂತೆ ನಿಂತ.

"ಏನ್ ಹಾಕಿದಿ ಎಣ್ಣ್ಯಾಗ?"

"ಏನ ಹಾಕ್ತಾರ? ಬಳ್ಳೊಳ್ಳಿ."

"ಬಳ್ಳೊಳ್ಳಿ ಹೌದು! ನನಗ ಬಂತು!" ಅವನು ಗೋಡೆಗೆ ಒರಗಿ ಕುಳಿತು ಕಣ್ಣು ಮುಚ್ಚಿದ. "ನೀಲಾ, ಮನ್ಯಾಗ ಇದ್ದದ್ದೆಲ್ಲಾ ಒಂದೊಂದಽ ತಂದು ಮೂಗಿಗೆ ಹಿಡಿ. ಏನಂತ ಹೇಳಬ್ಯಾಡ."

"ಬಿಸಲಿಗೆ ತಲಿ ಕೆಟ್ಟತೇನ?"

"ಹಿಡೀಲೇ ನಮ್ಮವ್ವಾ, ಕೈ ಮುಗೀತೀನಿ."

ಅವಳು ಮೊದಲು ಬೇಸರದಿಂದ, ಆಮೇಲೆ ಆಟದ ಹುರುಪಿನಿಂದ ತರತೊಡಗಿದಳು. ಅಜಿವಾನ ಎಂದ, ಹೌದು. ಚಿಮಣಿ ಎಣ್ಣೆ, ಹೌದು. ಸಾಬೂನು, ಹೌದು, ಯಾವ ಸಾಬೂನೆಂದೂ ಹೇಳಿದ. ಹಳಸಿದ ಹಿಟ್ಟು. ತನ್ನದೇ ಅಂಗಿ. ಆಮೇಲೆ ತಗಡು ಕಿರುಗುಟ್ಟಿದ ಸದ್ದು ಕೇಳಿತು, ಡಾಂಬರ ಗುಳಿಗೆಯ ತೀಕ್ಷ್ಣ ವಾಸನೆ ಮೂಗಿಗೆ ಚುಚ್ಚಿತು. ಅದು ಟ್ರಂಕಿನ ವಾಸನೆ. ಬೆಚ್ಚಿ ಕಣ್ಣು ಬಿಟ್ಟ. ಟ್ರಂಕಿನ ಮುಚ್ಚಳ ತೆರೆದಿತ್ತು.

"ಯಾಕ ತಗದಿ ಅದನ್ನ? ನಾ ಕೆಲಸ ಬಿಟ್ಟಿಲ್ಲಲ್ಲ!"

ಅಂಗೈಯಲ್ಲಿ ಬಿಳಿ ಗುಳಿಗೆ ಹಿಡಿದಿದ್ದ ನೀಲಾವತಿ ಅವನ ಮುಖ ನೋಡಿದಳು. ನಗು ಇಳಿದುಹೋಯಿತು. "ಏನ ಆಗೇತಿ ನಿನ್ನ ಮೂಗಿಗೆ? ನೆಟ್ಟಗ ಹೇಳು."

ಹೇಳಿದ. ಅವಳು ನಗಲಿಲ್ಲ. ಅವನ ಬೆರಳುಗಳನ್ನು ಬಿಡಿಸಿ ಹುಣ್ಣುಗಳನ್ನು, ಮೊದಲ ಸಲವೆಂಬಂತೆ, ಒಂದೊಂದಾಗಿ ನೋಡಿದಳು. "ಬ್ಯಾರೇದ್ದಕ್ಕೆಲ್ಲಾ ಓಡಿ ಬರ್ತಿದ್ದಿ," ಎಂದಳು. "ಓಡಿ ಬರೂ ಕೆಲಸದಾಗ ನಿಂತಿ. ನಿನ್ನ ಬುದ್ಧಿಗೆ ಏನನ್ನಬೇಕು?"

"ಸೋಮವಾರ ಬಿಟ್ಟು ಬರಲೇನು ಹಂಗಾದ್ರ?"

ಗುಳಿಗೆಯನ್ನು ಟ್ರಂಕಿನೊಳಗೆ ಹಾಕಿದಳು, ಮುಚ್ಚಳ ಹಾಕಲಿಲ್ಲ. ಬಿಟ್ಟು ಬಂದರೆ ಖೋಲಿಯೂ ಉಳಿಯದೆಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಚಂದ್ರಾಮನ ತಲೆಯಲ್ಲಿ ಆಗಲೇ ಬೇರೊಂದು ಚಕ್ರ ತಿರುಗುತ್ತಿತ್ತು. ಮೂಗು ಬದುಕಿದೆ. ಹಾಗಾದರೆ ಲೋಕಲ್ಲಿನಲ್ಲಿ ಸತ್ತಿದ್ದುದು ಹಿಟ್ಟು.

ಕಾರ್ಖಾನೆಗೆ ಓಡಿದ. ಶಾಮಲಾ ಒಬ್ಬಳೇ ಡ್ರಮ್ಮಿನ ಪಕ್ಕ ಕುಳಿತಿದ್ದಳು. ಅವನು ಹೇಳಿ ಮುಗಿಸಿದ ಮೇಲೆ ಹಲ್ಲು ಕಚ್ಚಿ ಹೇಳಿದಳು, "ಛಲೋ ನಾತ ಐತಿ ಅಂದ್ರಲ್ರೀ! ನಿಮ್ಮ ಮೂಗನ್ನ ನಂಬ್ಕೊಂಡು ಕೂತಿದ್ದೆ ನಾನು. ನಿಮಗೇ ಅದರ ಮೇಲೆ ನಂಬಿಕೆ ಇಲ್ಲ!" ಎದ್ದು ಸೆರಗು ಸಿಕ್ಕಿಸಿಕೊಂಡಳು. "ಮೂಟೇಲಿ ಇನ್ನರ್ಧ ಕಾಳಿದೆ. ಎತ್ತಿ. ನಾನೂ ಬರ್ತೀನಿ ಮಾಟುಂಗಕ್ಕೆ."

ಹೋಟೆಲಿನಲ್ಲಿ ಭಟ್ಟರು ಹೆಂಗಸೊಬ್ಬಳನ್ನು ಅಡುಗೆಮನೆಯ ಬಾಗಿಲಲ್ಲಿ ಕಂಡು ಹೆಗಲ ಪಂಚೆ ಸರಿಮಾಡಿಕೊಂಡರು, ಕಾಫಿ ತರಿಸಿದರು. ಕಾಳನ್ನು ಏನು ಮಾಡಿದಿರಿ ಎಂದು ಕೇಳಿದಾಗ ಅವರ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಮೂಡಿತು.

"ಏನೂ ಕಡಿಮೆ ಮಾಡಲಿಲ್ಲಮ್ಮ. ಬೆಳಿಗ್ಗೆ ಎದ್ದು ನೋಡಿದ್ರೆ ಆ ಕಾಳಿನ ಹಸಿವಾಸನೆ ದೇವರಿಗೇ ಪ್ರೀತಿ! ನೀರು ಬದಲಿಸಿದೆ, ಹೋಗ್ಲಿಲ್ಲ. ಒಂದು ಚಿಟಿಕೆ ಸೋಡಾ ಹಾಕಿ ಒಂದೇ ಒಂದು ಕುದಿ ಬರಿಸಿದೆ, ಆಮೇಲೆ ತಣ್ಣೀರಿಗೆ ಹಾಕಿಟ್ಟೆ. ವಾಸನೆ ಮಾಯ! ಮತ್ತೆ ರುಬ್ಬುವಾಗ ಐಸ್. ನೀವು ಹೇಳಿದ ಹಾಗೇ, ಬಿಸಿ ತಾಗ್ಲಿಕ್ಕೆ ಬಿಡ್ಲಿಲ್ಲ."

ಶಾಮಲಾ ಲೋಟವನ್ನು ಕೆಳಗಿಟ್ಟಳು. ಚಂದ್ರಾಮ ಬಾಲ್ದಿಯ ಕಡೆ ನೋಡಿದ. ದುಂಡಗೆ ಉಬ್ಬಿದ ಆ ಕಾಳುಗಳನ್ನು ಅವನು ಕಂಡಾಗಲೇ ಅವು ಬೆಂದಿದ್ದವು. ಅಲ್ಲೇ ಕುಳಿತು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಿದ್ದರೂ ತಿಳಿಯುತ್ತಿತ್ತು.

"ಆ ವಾಸನೆಯೇ ನನಗೆ ಬೇಕಾಗಿತ್ತು ಭಟ್ರೇ," ಎಂದಳು ಶಾಮಲಾ.

"ಯಾವುದು?"

"ಹಸಿವಾಸನೆ."

ಭಟ್ಟರು ಅವಳನ್ನೂ ಚಂದ್ರಾಮನನ್ನೂ ನೋಡಿದರು, ಇಬ್ಬರೂ ಸೇರಿ ತಮಾಷೆ ಮಾಡುತ್ತಿರುವರೇ ಎಂಬಂತೆ. "ಹಸಿವಾಸನೆ ತೆಗೀಲಿಕ್ಕೇ ಅಲ್ವಾ ಅಡುಗೆ ಅಂತ ಇರೋದು? ನಲವತ್ತು ವರ್ಷ ಆಯ್ತು, ಹಸಿವಾಸನೆ ಇರೋ ಕಾಳು ನನ್ನ ಕಲ್ಲಿಗೆ ಬಿದ್ದದ್ದಿಲ್ಲ."

"ನಮ್ಮಮ್ಮ ಇದ್ದಿದ್ರೂ ನೀವು ಮಾಡಿದ್ದನ್ನೇ ಮಾಡ್ತಿದ್ರು. ರುಬ್ಬೋವಾಗ ಬಿಸಿ ಬೇಡ ಅಂದೆ. ರುಬ್ಬೋ ಮುಂಚೆ ಅಂತ ಹೇಳಬೇಕು ಅನ್ನೋದು ನನಗೂ ಹೊಳೀಲಿಲ್ಲ." ಅವಳು ನಕ್ಕಳು, ನಗು ಅರ್ಧಕ್ಕೆ ನಿಂತಿತು. "ಈಗ ಈ ಅರ್ಧ ಮೂಟೆ. ಇದನ್ನ ನಾತದ ಸಮೇತ ರುಬ್ಬಿಕೊಡ್ತೀರಾ?"

"ನಾಳೆ ಆದಿತ್ಯವಾರ ಅಮ್ಮ! ಗ್ರೈಂಡರಿಗೆ ಉಸಿರು ಬಿಡ್ಲಿಕ್ಕಿಲ್ಲ. ಬಡಿಸುವವರು ಇಬ್ಬರು ರಜೆ ಬೇರೆ." ಭಟ್ಟರ ಕಣ್ಣು ಚಂದ್ರಾಮನ ಮೇಲೆ ಹೋಗಿ ನಿಂತಿತು. ಅವನ ಮೂಗಿನ ತುದಿಯಲ್ಲಿ ಓಡಿ ಬಂದ ರಭಸಕ್ಕೆ ಒಂದು ಹನಿ ರಕ್ತ ಇಣುಕಿತ್ತು. "ಒಂದು ಕೆಲಸ ಮಾಡುವ. ಆ ಹಿಂಬಾಗಿಲಲ್ಲಿ ಒಂದು ಚಟ್ನಿ ಬಕೀಟು ಇಟ್ಟು ಹೋದವ ಇದ್ದಾನಲ್ಲ, ಅವ ನಾಳೆ ಬೆಳಿಗ್ಗೆಯಿಂದ ಅದನ್ನು ತುಂಬಿಸಿ ಬಡಿಸ್ಲಿ. ಊಟದ ಗದ್ದಲ ಮುಗಿದ ಮೇಲೆ ಗ್ರೈಂಡರ್ ಅವನದು. ಮಧ್ಯೆ ಮಾಯ ಆದನೋ, ಕಾಳು ನಾಲೆಗೆ."

ಆ ಭಾನುವಾರ ಚಂದ್ರಾಮ ಬಡಿಸಿದ. ಪ್ರತಿ ಸಲ ಬಕೀಟು ತುಂಬಿಸಿಕೊಳ್ಳಲು ಒಳಗೆ ಹೋದಾಗಲೂ ನೆನೆದ ಕಾಳಿನ ಬಾಲ್ದಿಯನ್ನು ಮೂಸಿ ನೋಡಿ, ಒಲೆಯ ಝಳ ತಾಗದಂತೆ ಇನ್ನಷ್ಟು ಮೂಲೆಗೆ ಸರಿಸಿ ಬರುತ್ತಿದ್ದ. ಹಿಂಬಾಗಿಲು ತೆರೆದೇ ಇತ್ತು. ಅದರಾಚೆ ಬೀದಿ, ಬೀದಿಯಾಚೆ ಲೋಕಲ್ಲಿನ ಕೂಗು. ಭಟ್ಟರು ದೋಸೆಕಲ್ಲಿನ ಮುಂದಿನಿಂದಲೇ ಕಾಲಕಾಲಕ್ಕೆ ಕೂಗುತ್ತಿದ್ದರು, "ಇದ್ದೀಯಾ?"

"ಅದೀನ್ರಿ!"

ಊಟದ ಗದ್ದಲ ಇಳಿದ ಮೇಲೆ ಕಾಳು ಕಲ್ಲಿಗೆ ಬಿತ್ತು. ಒಂದೆರಡು ಸುತ್ತಿಗೆ ಆ ವಾಸನೆ ಎದ್ದಿತು: ಹಸಿ, ಮಂದ, ಒದ್ದೆ ಹುಲ್ಲನ್ನೂ ಹಳೆಯ ಬಣ್ಣವನ್ನೂ ಕಲಸಿದಂಥದು. ಭಟ್ಟರು ಪಂಚೆಯಿಂದ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಹೋದರು. "ಇದನ್ನು ತಿಂದವರು ಬದುಕ್ತಾರಾ?" ಎಂದು ಅಲ್ಲಿಂದಲೇ ಕೇಳಿದರು. ಚಂದ್ರಾಮ ಗ್ರೈಂಡರಿನ ಮೇಲೆ ಬಗ್ಗಿ, ಊರ ಮಣ್ಣಿನ ವಾಸನೆ ಎಳೆದುಕೊಳ್ಳುವವನಂತೆ ಎದೆತುಂಬ ಎಳೆದುಕೊಂಡ. ಆ ಸಂಜೆ ಲಗೇಜ್ ಡಬ್ಬಿಯಲ್ಲಿ ಕ್ಯಾನುಗಳ ಸುತ್ತ ಯಾರೂ ನಿಲ್ಲಲಿಲ್ಲ. ಸೊಪ್ಪು ಮಾರುವವಳೊಬ್ಬಳು, ಏನು ಸತ್ತಿದೆ ಅದರೊಳಗೆ ಎಂದು ಮರಾಠಿಯಲ್ಲಿ ಕೇಳಿದಳು. ಬದುಕೈತಿ, ಎಂದ ಅವನು ಕನ್ನಡದಲ್ಲಿ.

ಸೋಮವಾರ ಬೆಳಕು ಹರಿಯುವ ಮೊದಲೇ ಡ್ರಮ್ಮಿಗೆ ಗಾಳಿ ಬಿಟ್ಟರು. ಅದರಾಚೆ ಹಂಡೆ ತೊಳೆದು ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಕಿತ್ತಳೆ ಉಪ್ಪಿನ ಪೀಪಾಯಿ, ಅದರ ಮೇಲೆ ಅವನದೇ ಮೊಗೆ. ಶಾಮಲಾ ನೋಡಿದ್ದನ್ನೇ ನೋಡುತ್ತಿದ್ದಳು. ಚಂದ್ರಾಮ ಮೂಸಿದ. ಲವಂಗ, ಹಸಿಕಾಳು. ಗೇಟಿನ ತನಕ ನಡೆದು ಬಂದು ಮತ್ತೆ ಮೂಸಿದ. ಲವಂಗ, ಹಸಿಕಾಳು, ಅದರ ಅಡಿಯಲ್ಲಿ, ಹೊದಿಕೆಯೊಳಗೆ ಮಗು ಹೊರಳಿದಂತೆ, ಏನೋ ಒಂದು. ಹೇಳಲಿಲ್ಲ. ಒಮ್ಮೆ ಹೇಳಿ ಕೆಟ್ಟಿದ್ದ.

"ಯಾಕ್ರೀ ಮುಖ ಹಾಗೆ ಮಾಡಿದ್ರಿ?"

"ನೀವಽ ನೋಡ್ರಿ ಮೇಡಂ."

ಅವಳು ಭಾನುವಾರವೆಲ್ಲ ಲವಂಗದೆಣ್ಣೆಯ ಹತ್ತಿರ ಹೋಗಿರಲಿಲ್ಲ. ಡ್ರಮ್ಮಿನ ಮೇಲೆ ಬಗ್ಗಿದಳು. ಎದ್ದಾಗ ಅವಳ ಕಣ್ಣು ಒದ್ದೆಯಾಗಿತ್ತು. ಲವಂಗದ ಖಾರಕ್ಕೆ ಎಂದಳು.

ಸೇಠ್ ಬರುವ ಹೊತ್ತಿಗೆ ವೆನಿಲಾ ಹಸಿವಾಸನೆಯನ್ನು ಸೀಳಿಕೊಂಡು ಮೇಲೆ ಬಂದಿತ್ತು. ಅವನು ಕಡ್ಡಿ ಮೂಸಿದ, ಮತ್ತೆ ಮೂಸಿದ, ಒಂದು ಸಣ್ಣ ಸೀಸೆಯಲ್ಲಿ ತೆಗೆದು ಲ್ಯಾಬಿನಲ್ಲಿ ಅಳೆಯಿಸಿದ. ಅಳತೆ ಬಂದಾಗ ತಲೆಯಾಡಿಸಿದ, ಹೌದೆಂದೂ ಅಲ್ಲವೆಂದೂ ಹೇಳದ ಆಟದಲ್ಲಿ. ಖುಶಬೂ ಇದೆ, ಮಾಲು ಕಡಿಮೆ. ಹಂಡೆ ಕೊಡುವುದರ ಕಾಲುಭಾಗವೂ ಇಲ್ಲ. ಹಂಡೆ ನಿಲ್ಲುವುದಿಲ್ಲ. ಆದರೆ ಈ ಡ್ರಮ್ಮೂ ಪಕ್ಕದಲ್ಲಿ ನಡೆಯಲಿ. ಶಾಮಲಾ ಅದನ್ನು ಹೆಚ್ಚಿಸಿ ತೋರಿಸಿದಾಗ ಮುಂದಿನ ಮಾತು. ನಾತ ತಡೆದುಕೊಳ್ಳುವವನು ಚಂದ್ರಾಮನೊಬ್ಬನೇ ಆದ್ದರಿಂದ ಅವನು ಇನ್ನು ಕಾಳಿನ ಮೇಲೆ. ಹಂಡೆಗೆ ಬೇರೆ ಆಳು.

ಚಂದ್ರಾಮನ ಕೆಲಸ ಉಳಿಯಿತು, ಮೂಗು ಉಳಿಯಿತು. ಖೋಲಿಗೆ ಹೋಗಿ ಟ್ರಂಕಿನ ಮುಚ್ಚಳ ಮುಚ್ಚಿ, ಅದರ ಮೇಲೆ ಕಾಲು ಚಾಚಿ ಕುಳಿತುಕೊಳ್ಳಬೇಕೆನಿಸಿತು.

ಬೇರೆ ಆಳು ಗೇಟಿನಲ್ಲೇ ಸಿಕ್ಕ. ಗದಿಗೆಪ್ಪ ಎಂದು ಹೆಸರು. ವಿಜಾಪುರದ ಕಡೆಯವನೇ, ಬಂದು ವಾರವಾಗಿತ್ತು. ಕೆಲಸ ಸಿಕ್ಕ ಸಂತೋಷಕ್ಕೆ ಹಂಡೆಯ ಸುತ್ತ ನಡೆದು ನೋಡಿ, "ಏನ ಘಮಾ ಐತೋ ಅಣ್ಣಾ ಇಲ್ಲಿ! ಐಸ್‌ಕ್ರೀಮ್ ಅಂಗಡಿ ಇದ್ದಂಗ," ಎಂದ. ಚಂದ್ರಾಮ ತನ್ನ ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯನ್ನು ಒದ್ದೆ ಮಾಡಿ ಅವನ ಮುಖಕ್ಕೆ ಬಿಗಿದ. ಮೊಗೆಯನ್ನು ಹೇಗೆ ಇಳಿಸಿ ಸುರಿದರೆ ಧೂಳು ಏಳದೆಂದು ತೋರಿಸಿದ. ಗದಿಗೆಪ್ಪ ಬಟ್ಟೆಯೊಳಗಿಂದ ನಕ್ಕ: "ಇಷ್ಟ ಹೆದರಿಕೀ ಯಾಕೋ? ಉಪ್ಪಲ್ಲೇನು?"

ಚಂದ್ರಾಮ ಕಾಳಿನ ಬಾಲ್ದಿಯ ಬಳಿ ಹೋಗಿ ಕುಳಿತ. ಕೂರಲಾಗಲಿಲ್ಲ. ಎದ್ದು ಲ್ಯಾಬಿಗೆ ಹೋದ.

"ಮೇಡಂ, ಇದು ಹೆಚ್ಚಾಗೂದು ಯಾವಾಗ್ರಿ?"

"ಈಗ ತಾನೇ ಒಂದು ಡ್ರಮ್ ಆಗಿದೆ. ನೋಡೋಣ. ಒಂದು ವರ್ಷ ಹಿಡೀಬಹುದು, ಎರಡೂ ಹಿಡೀಬಹುದು."

"ಒಂದು ಮಳಿಗಾಲದಾಗ ಆಗಂಗಿಲ್ಲೇನ್ರಿ?"

ಶಾಮಲಾ ಕಿಟಕಿಯಾಚೆ, ಕಿತ್ತಳೆ ಧೂಳಿನೊಳಗೆ ಓಡಾಡುತ್ತಿದ್ದ ಗದಿಗೆಪ್ಪನನ್ನು ನೋಡಿದಳು. ಬುರುಡೆಯೊಂದನ್ನು ಎತ್ತಿಕೊಂಡು ತೊಳೆಯತೊಡಗಿದಳು.

ಊಟದ ಗಂಟೆ ಹೊಡೆಯಿತು. ಚಂದ್ರಾಮ ಗೇಟಿನಿಂದ ಹೊರಗೆ ಬಂದ. ಅಂಗಾಲಿನ ಇರುವೆ ಹರಿಯುತ್ತಿತ್ತು, ಹಿಂದೆಂದಿಗಿಂತ ಜೋರಾಗಿ. ಕಾಲುಗಳು ತಾವಾಗಿಯೇ ಸ್ಟೇಷನ್ನಿನ ಕಡೆ ತಿರುಗಿದವು; ಥಾಣೆಯ ಕಡೆಗೋ ದಾದರಿನ ಕಡೆಗೋ ಒಂದು ಲೋಕಲ್ ಬಂದು ನಿಂತ ಸದ್ದಾಯಿತು. ವಡಾದ ಗಾಡಿಯ ತನಕ ನಡೆದ. ಅಲ್ಲಿ ಕಾದ ಎಣ್ಣೆಯ ವಾಸನೆ, ಹಸಿಮೆಣಸಿನ ವಾಸನೆ, ಮೂಗಿಗೆ ಸ್ಪಷ್ಟವಾಗಿ ಬಂದವು. ಒಂದು ಕ್ಷಣ ನಿಂತು ಅವನ್ನು ಎಳೆದುಕೊಂಡ. ಆಮೇಲೆ ತಿರುಗಿ, ಬಂದುದಕ್ಕಿಂತ ಬೇಗ ನಡೆದು ಗೇಟಿನೊಳಗೆ ಹೊಕ್ಕ.

ಗದಿಗೆಪ್ಪ ಹಂಡೆಯ ಕಟ್ಟೆಯ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದ್ದ. ಬೆರಳುಗಳಲ್ಲಿ ಇನ್ನೂ ಕಿತ್ತಳೆ ಬಣ್ಣವಿತ್ತು.

"ಏಳಲೇ," ಎಂದ ಚಂದ್ರಾಮ, ಅವನ ರಟ್ಟೆ ಹಿಡಿದು ನಲ್ಲಿಯ ಕಡೆ ಎಳೆಯುತ್ತ. "ಮೊದಲ ಕೈ ತೊಳಿ. ಆಮ್ಯಾಲ ಮೂಗು. ನೀರು ಒಳಗ ಎಳದು ಬಿಡು. ಹಂಗಲ್ಲ, ನಾ ತೋರಸ್ತೀನಿ, ನೋಡು."